ಬಿತ್ತಿ ಉಳಿಸಬೇಕಾದ ಅಕ್ಷರ

ರಾಣೇಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ ತುಂಗಭದ್ರೆಯ ದಂಡೆಯ ಮೇಲಿನ ಊರು. ಅಲ್ಲಿನ ಮುಕ್ತೇಶ್ವರ ಗುಡಿಯ ಆವರಣದಲ್ಲಿ ಎತ್ತರದ ಶಾಸನಗಲ್ಲುಗಳು ನಿಂತಿವೆ. ಅವನ್ನು ನೋಡಲು ಬೆಳಗಿನ ಹೊತ್ತು, ಬಿಸಿಲು ಓರೆಯಾಗಿ ಬೀಳುವಾಗ ಹೋಗಬೇಕು. ನಡುಮಧ್ಯಾಹ್ನದಲ್ಲಿ ಸವೆದು ಹೋದಂತೆ ಕಾಣುವ ಸಾಲುಗಳು ಓರೆ ಬೆಳಕಿಗೆ ಒಂದೊಂದಾಗಿ ಎದ್ದು ನಿಲ್ಲುತ್ತವೆ. ಗುಂಡಗೆ, ಒತ್ತೊತ್ತಾಗಿ ಕೊರೆದ ಹಳೆಯ ಕನ್ನಡದ ಅಕ್ಷರಗಳು. ಒಂದಿಷ್ಟು ದಿನ ಲಿಪಿ ಕಲಿತವರು ಬೆರಳಿಟ್ಟು ಓದಬಹುದು. ಶಿವದೇವನೆಂಬ ಸಂತ ಈ ಸ್ಥಳಕ್ಕೆ ಬಂದದ್ದು 1225ರ ಆಗಸ್ಟ್ 19ರಂದು ಎಂದು ವಿದ್ವಾಂಸರು ಲೆಕ್ಕ ಹಾಕಿ ಹೇಳಿದ್ದು ಈ ಕಲ್ಲುಗಳ ಬರಹದಿಂದಲೇ. ಎಂಟುನೂರು ವರ್ಷದ ಹಿಂದಿನ ಒಂದು ದಿನದ ಸುದ್ದಿ ಇವತ್ತಿಗೂ ನಮ್ಮ ಕೈಗೆ ಸಿಗುತ್ತದೆ.

ಶಾಸನ ಹಾಕಿಸಿದವರು ಅದು ಉಳಿಯಬೇಕೆಂದು ಬಹಳ ಯೋಚನೆ ಮಾಡುತ್ತಿದ್ದರು. ನಮ್ಮ ಸೀಮೆಯ ಶಾಸನಗಳ ನೆತ್ತಿಯಲ್ಲಿ ಸೂರ್ಯ ಚಂದ್ರರನ್ನು ಬಿಡಿಸುವ ರೂಢಿ ಇತ್ತು. ಸೂರ್ಯಚಂದ್ರರಿರುವ ತನಕ ಈ ದಾನ, ಈ ಮಾತು ನಡೆಯಲಿ ಎಂದು ಅದರ ಅರ್ಥ. ಕೊನೆಯಲ್ಲಿ ಶಾಪಾಶಯದ ಸಾಲುಗಳು ಬರುತ್ತವೆ. ಇದನ್ನು ಕಾಪಾಡಿದವರಿಗೆ ಪುಣ್ಯ, ಕೆಡಿಸಿದವರಿಗೆ ಘೋರ ಪಾಪ. ಬರಹವನ್ನು ಒಪ್ಪಿಸಿಕೊಂಡವನ ಹೊಣೆ ಏನು ಎಂಬುದನ್ನು ಬರಹದೊಳಗೇ ಬರೆದಿಟ್ಟಿದ್ದರು.

ನಾನು ಈ ಲೇಖನದಲ್ಲಿ ಹೇಳಹೊರಟದ್ದು ಕಲ್ಲಿನ ಕತೆಯನ್ನಲ್ಲ, ಕಲ್ಲಿನಿಂದ ಗಣಕಕ್ಕೆ ಬಂದ ಅಕ್ಷರದ ಕತೆಯನ್ನು. ಕಳೆದ ಮೂವತ್ತು ವರ್ಷಗಳಲ್ಲಿ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಜನರ ಹೊಲದ ಲೆಕ್ಕ, ಹಾಡು, ಪುಸ್ತಕ, ಸ್ಮರಣ ಸಂಚಿಕೆಗಳೆಲ್ಲ ಡಿಜಿಟಲ್ ರೂಪಕ್ಕೆ ಬಂದವು. ಅವು ಎಷ್ಟು ದಿನ ಉಳಿದಾವು? ಉಳಿಸುವವರು ಯಾರು?

ಅಂಬಿಗನ ಮಾತು ದಾಟಿ ಬಂದ ಹೊಳೆಗಳು

ಚೌಡಯ್ಯದಾನಪುರದ ಹೆಸರಿನಲ್ಲೇ ಅಂಬಿಗರ ಚೌಡಯ್ಯನಿದ್ದಾನೆ. ಹನ್ನೆರಡನೆಯ ಶತಮಾನದ ಶರಣ, ತುಂಗಭದ್ರೆಯಲ್ಲಿ ದೋಣಿ ಹಾಕುತ್ತಿದ್ದವನು, ಯಾರ ಮುಲಾಜೂ ಇಲ್ಲದ ಮಾತಿನವನು. ಅವನ ಹೆಸರಿನಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ವಚನಗಳು ಸಿಕ್ಕಿವೆ. ಯಾವುದನ್ನೂ ಅವನು ಕಲ್ಲಿನಲ್ಲಿ ಕೊರೆಸಲಿಲ್ಲ. ಮೊದಲು ಬಾಯಿಂದ ಬಾಯಿಗೆ, ಆಮೇಲೆ ಓಲೆಗರಿಗೆ ಬಂದ ಮಾತುಗಳವು. ಓಲೆಗರಿಗೆ ಹುಳ ಹಿಡಿಯುತ್ತದೆ, ತೇವ ತಾಗುತ್ತದೆ, ಅಂಚು ಮುರಿಯುತ್ತದೆ. ಆದರೂ ಅವು ಉಳಿದದ್ದು ಮಠದಲ್ಲೋ ಮನೆಯಲ್ಲೋ ಯಾರೋ ಒಬ್ಬರು ಹಳೆಯ ಗರಿ ಮುರಿಯುವ ಮೊದಲು ಹೊಸ ಗರಿಗೆ ಪ್ರತಿ ಮಾಡಿಕೊಂಡಿದ್ದರಿಂದ. ಹೀಗೆ ಐದಾರು ನೂರು ವರ್ಷ ನಡೆಯಿತು.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಓಲೆಗರಿಗಳನ್ನು ಹುಡುಕಿ ಊರೂರು ತಿರುಗಿದವರು ಫ. ಗು. ಹಳಕಟ್ಟಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದವರು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದ ಹಸ್ತಪ್ರತಿ ಅಚ್ಚಾಗದೆ ಮರಳಿ ಬಂದರೂ ಅವರು ಎದೆಗುಂದಲಿಲ್ಲ. 1923ರಲ್ಲಿ ‘ವಚನಶಾಸ್ತ್ರಸಾರ’ ಪುಸ್ತಕವಾಗಿ ಬಂತು. ಆಮೇಲೆ ಇದ್ದ ಮನೆಯನ್ನೂ ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು. ಅಂಬಿಗನ ಮಾತು ಓಲೆಯಿಂದ ಕಾಗದಕ್ಕೆ ದಾಟಿದ್ದು ಹಾಗೆ. ಎಪ್ಪತ್ತು ವರ್ಷ ಕಳೆದ ಮೇಲೆ, 1993ರಲ್ಲಿ, ಎಂ. ಎಂ. ಕಲಬುರ್ಗಿ ಅವರ ಪ್ರಧಾನ ಸಂಪಾದಕತ್ವದಲ್ಲಿ ಕನ್ನಡ ಮತ್ತು ಸಂಸ್ಕೃತಿ ನಿರ್ದೇಶನಾಲಯ ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳನ್ನು ಹೊರತಂದಿತು.

ಮುಂದಿನ ಹೊಳೆ ಗಣಕಯಂತ್ರ. ಅದನ್ನು ದಾಟುವಾಗ ದೋಣಿ ಮುಳುಗುವುದರಲ್ಲಿತ್ತು. ಯಾಕೆಂದು ಹೇಳಲು ತೊಂಬತ್ತರ ದಶಕದ ಡಿಟಿಪಿ ಅಂಗಡಿಗೆ ಹೋಗಬೇಕು.

ಪೌಂಡಿನ ಗುರುತಿನೊಳಗೆ ಅಡಗಿದ ಕನ್ನಡ

ಆ ಕಾಲದಲ್ಲಿ ನಮ್ಮ ಕಡೆ ಮೊಳೆ ಜೋಡಿಸುವ ಪ್ರೆಸ್ಸುಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಬಸ್ ನಿಲ್ದಾಣದ ಹತ್ತಿರದ ಮಹಡಿಯ ಕೋಣೆಗಳಲ್ಲಿ ಒಂದು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್ ಇಟ್ಟುಕೊಂಡು ಹುಡುಗರು ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರಿ ಸಂಘದ ವಾರ್ಷಿಕ ವರದಿ ಜೋಡಿಸಿ ಕೊಡತೊಡಗಿದರು. ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿ, ಟ್ರೇಸಿಂಗ್ ಕಾಗದದ ಮೇಲೆ ಪ್ರಿಂಟ್ ತೆಗೆದರೆ ಅದು ಆಫ್‌ಸೆಟ್ ಪ್ರೆಸ್ಸಿಗೆ ಹೋಗುತ್ತಿತ್ತು. ನಾವು ಕೆಲವರು ಸೇರಿ ಆಗ ಒಂದು ಸ್ಮರಣ ಸಂಚಿಕೆ ಮಾಡಿದೆವು. ಊರಿನ ಹಿರಿಯರನ್ನು ಕೂರಿಸಿ ಕೇಳಿ ಬರೆದುಕೊಂಡ ನೆನಪುಗಳು ಅದರಲ್ಲಿದ್ದವು. ಅಚ್ಚಾದ ಪ್ರತಿಗಳು ಹಂಚಿ ಮುಗಿದವು. ಮೂಲ ಕಡತ ಸಿ.ಡಿ.ಯಲ್ಲಿ ಇದೆಯಲ್ಲ ಎಂಬ ಧೈರ್ಯದಲ್ಲಿ ಇದ್ದೆವು.

ಹನ್ನೆರಡು ವರ್ಷದ ಮೇಲೆ ಮರುಮುದ್ರಣ ಮಾಡೋಣವೆಂದು ಆ ಸಿ.ಡಿ. ಹಾಕಿದೆ. ಕಡತವೇನೋ ತೆರೆಯಿತು. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೀಟು ಹೊತ್ತ ಎ-ಗಳು, ನಡುನಡುವೆ ಪೌಂಡ್ ನಾಣ್ಯದ ಗುರುತು. ನಮಗೆ ಮಾತು ಕೊಟ್ಟ ಹಿರಿಯರಲ್ಲಿ ಹೆಚ್ಚಿನವರು ಅಷ್ಟರಲ್ಲಿ ತೀರಿಕೊಂಡಿದ್ದರು.

ಇದು ಹೇಗಾಯಿತೆಂದು ತಿಳಿಯದವರಿಗೆ ಒಂದು ಮಾತು. ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಯಾವ ಅಂಕಿ ಯಾವ ಅಕ್ಷರ ಎಂಬುದು ಒಪ್ಪಂದದ ಮಾತು. ಆಗ ಕನ್ನಡಕ್ಕೆ ಬಳಕೆಯಲ್ಲಿ ಬೇರೆ ಒಪ್ಪಂದ ಇರಲಿಲ್ಲವಾದ್ದರಿಂದ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದರು. ಇಂಗ್ಲಿಷಿನ ದೊಡ್ಡ ಪಿ ಇದ್ದ ಮನೆಯಲ್ಲಿ ‘ಕ’ದ ಒಡಲು, ಗೀಟು ಹೊತ್ತ ಎ ಇದ್ದಲ್ಲಿ ತಲೆಕಟ್ಟು, ಪೌಂಡ್ ಗುರುತಿನ ಮನೆಯಲ್ಲಿ ‘ನ’ದ ಒಡಲು. ಆ ಫಾಂಟ್ ಇರುವ ತನಕ ತೆರೆಯ ಮೇಲೆ ‘ಕನ್ನಡ’ ಎಂದೇ ಕಾಣುತ್ತದೆ. ಫಾಂಟ್ ಹೋದರೆ ಪಿ, ಎ, ಪೌಂಡುಗಳು ಬಯಲಾಗುತ್ತವೆ. ಶ್ರೀಲಿಪಿ, ಪ್ರಕಾಶಕ್, ಆಕೃತಿ ಹೀಗೆ ಒಂದೊಂದು ತಂತ್ರಾಂಶ ಒಂದೊಂದು ರೀತಿಯಲ್ಲಿ ಈ ಮನೆಗಳನ್ನು ಹಂಚಿಕೊಂಡಿದ್ದರಿಂದ ಒಂದರ ಕಡತ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ.

ಆ ಒಪ್ಪಂದಗಳನ್ನು ಕಟ್ಟಿದವರನ್ನು ನಾವು ಗೌರವದಿಂದಲೇ ನೆನೆಯಬೇಕು. ಕೆ. ಪಿ. ರಾವ್ ಅವರು ತರ್ಕಬದ್ಧವಾದ ಕೀಲಿಮಣೆ ವಿನ್ಯಾಸ ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಹೊಸ ಶತಮಾನದ ಮೊದಲಿಗೆ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಸಿದ್ಧಪಡಿಸಿತು, ಸರ್ಕಾರಿ ಕಚೇರಿಗಳಲ್ಲಿ ಅದು ನೆಲೆಯಾಯಿತು. ಅವರಿಲ್ಲದಿದ್ದರೆ ಗಣಕದಲ್ಲಿ ಕನ್ನಡವೇ ಇರುತ್ತಿರಲಿಲ್ಲ. ಅತ್ತ 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆಗಳು ಸಿಕ್ಕಿದ್ದವು. ಆದರೆ ಸಾಮಾನ್ಯರ ಗಣಕಕ್ಕೆ ಅದು ಇಳಿದದ್ದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ, ಅದರ ಜೊತೆ ‘ತುಂಗಾ’ ಫಾಂಟ್ ಬಂದ ಮೇಲೆ. ಮುದ್ರಣದ ಮಂದಿ ಅದರ ನಂತರವೂ ಬಹಳ ಕಾಲ ಹಳೆಯ ಫಾಂಟುಗಳಲ್ಲೇ ಪುಟ ಕಟ್ಟುತ್ತಿದ್ದರು. ಒಂದು ಇಡೀ ತಲೆಮಾರಿನ ಕನ್ನಡ ಬರಹ ಈ ನಡುವಿನ ಕಾಲದಲ್ಲಿ ಸಿಕ್ಕಿಕೊಂಡಿದೆ.

ಅಂಬಿಗನ ಮಾತನ್ನು ಈ ಹೊಳೆ ದಾಟಿಸಿದವರೂ ಇದ್ದಾರೆ. 2013ರ ಸುಮಾರಿಗೆ ಓಂಶಿವಪ್ರಕಾಶ್ ಮತ್ತು ಗೆಳೆಯರು, ಓ. ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ ಅವರ ಒತ್ತಾಸೆಯಿಂದ ‘ವಚನ ಸಂಚಯ’ ಕಟ್ಟಿದರು. ಹಳೆಯ ಸಂಕೇತದಲ್ಲಿದ್ದ ವಚನಗಳ ಪಠ್ಯವನ್ನು ಯುನಿಕೋಡಿಗೆ ಪರಿವರ್ತಿಸಿ, ಸುಮಾರು 21 ಸಾವಿರ ವಚನಗಳಲ್ಲಿ ಯಾವ ಪದ ಯಾರಲ್ಲಿ ಎಷ್ಟು ಸಲ ಬರುತ್ತದೆಂದು ಯಾರು ಬೇಕಾದರೂ ಹುಡುಕುವಂತೆ ಮಾಡಿದರು. ಪರಿವರ್ತಕ ತಂತ್ರಾಂಶವನ್ನು ಅರವಿಂದ ವಿ. ಕೆ. ಅವರು ಬರೆದು, ಅದರ ಮೂಲವನ್ನೇ ಎಲ್ಲರಿಗೂ ತೆರೆದಿಟ್ಟಿದ್ದರು. ಮೂರು ವರ್ಷ ತಡೆದು ನಾನು ಕೂಡ ಅಂಥದೇ ಪರಿವರ್ತಕದಿಂದ ನಮ್ಮ ಸ್ಮರಣ ಸಂಚಿಕೆಯ ಮುಕ್ಕಾಲು ಭಾಗವನ್ನು ಮರಳಿ ಪಡೆದೆ. ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿದ್ದವು, ಕೂತು ತಿದ್ದಿದೆ. ಉಳಿದ ಕಾಲು ಭಾಗ ಸಿ.ಡಿ.ಯ ಮೇಲೆ ಬೂಷ್ಟು ಹಿಡಿದು ಹೋಗಿತ್ತು.

ಗಣಕದ ಜೊತೆ ಹುಟ್ಟಿದ ಜಿಲ್ಲೆ

ಹಾವೇರಿ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 24ರಂದು, ಧಾರವಾಡದಿಂದ ಬೇರೆಯಾಗಿ. ಹೊಸ ಜಿಲ್ಲೆಯ ಕಚೇರಿಗಳು ನೆಲೆ ಕಂಡುಕೊಳ್ಳುವ ಹೊತ್ತಿಗೇ ರಾಜ್ಯದಲ್ಲಿ ‘ಭೂಮಿ’ ಯೋಜನೆ ಶುರುವಾಯಿತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಹತ್ತಿಸುವ ಕೆಲಸ. 2002ರ ಹೊತ್ತಿಗೆ ಎಲ್ಲ ತಾಲ್ಲೂಕುಗಳಲ್ಲೂ ಭೂಮಿ ಕೇಂದ್ರ ತೆರೆದು, 15 ರೂಪಾಯಿಗೆ ಗಣಕೀಕೃತ ಪಹಣಿ ಸಿಗತೊಡಗಿತು. ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು. ಶಾನುಭೋಗರ ಪೆಟ್ಟಿಗೆ, ಆಮೇಲೆ ಗ್ರಾಮ ಲೆಕ್ಕಿಗರ ಚೀಲ, ಅದರಾಚೆಗೆ ಕಾಣದಿದ್ದ ಹೊಲದ ಲೆಕ್ಕ ಮೊದಲ ಬಾರಿಗೆ ಕಿಟಕಿಯ ಈಚೆ ನಿಂತ ರೈತನ ಕೈಗೆ ಬಂತು.

ಪಹಣಿ ಗಣಕಕ್ಕೆ ಬಂತು. ಅದರ ಹಿಂದಿನ ನೂರೈವತ್ತು ವರ್ಷದ ಕಾಗದ ಮಾತ್ರ ಕೋಣೆಯಲ್ಲೇ ಉಳಿಯಿತು. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯನ್ನು ಕಂಡವರಿಗೆ ಗೊತ್ತು: ಕೆಂಪು ಅರಿವೆಯಲ್ಲಿ ಕಟ್ಟಿದ ಗಂಟುಗಳು ಚಾವಣಿ ಮುಟ್ಟುವಷ್ಟು ಎತ್ತರದ ತನಕ. ಗಂಟು ಬಿಚ್ಚಿದರೆ ಮೂಗಿಗೆ ಅಡರುವ ಹಳೆಯ ಕಾಗದದ ವಾಸನೆ; ಮಡಿಕೆ ಬಿದ್ದ ಕಡೆಯಲ್ಲಿ ಕೈ ತಾಗಿದರೆ ಪುಡಿ ಉದುರುತ್ತದೆ. ನಮ್ಮದು ಮುಂಬಯಿ ಇಲಾಖೆಗೆ ಸೇರಿದ್ದ ಸೀಮೆಯಾದ್ದರಿಂದ ಇಲ್ಲಿನ ಹಳೆಯ ಕಾಗದಗಳಲ್ಲಿ ಮೋಡಿ ಲಿಪಿಯವೂ ಇವೆ. ಪೇಶ್ವೆಯವರ ಕಾಲದಿಂದ ಬ್ರಿಟಿಷರ ಕಾಲದವರೆಗೆ ಲೆಕ್ಕಪತ್ರಕ್ಕೆ ಬಳಸಿದ, ಲೇಖಣಿ ಎತ್ತದೆ ಓಡಿಸಿ ಬರೆಯುವ ಬರಹ. ಹೊಲದ ತಕರಾರಿಗೆ ಅಂಥ ಕಾಗದ ಬೇಕಾಗಿ ಬಂದಾಗ ಓದಿ ಹೇಳುವವರನ್ನು ಹುಡುಕಿಕೊಂಡು ಊರೂರು ಅಲೆಯುತ್ತಾರೆ. ಮೋಡಿಯ ಕಾಗದಕ್ಕೂ ಪೌಂಡ್ ಗುರುತಿನ ನಮ್ಮ ಸಿ.ಡಿ.ಗೂ ಬಂದ ಕಷ್ಟ ಒಂದೇ. ಬರಹ ಇದೆ, ಓದುವ ದಾರಿ ಮುಚ್ಚಿದೆ.

ಇದೇ ಸೀಮೆಯಲ್ಲಿ ಕಾಗದವನ್ನು ಬೇಕೆಂದೇ ಸುಟ್ಟ ಕಾಲವೂ ಒಂದಿತ್ತು. ಚಲೇಜಾವ್ ಚಳವಳಿಯ ದಿನಗಳಲ್ಲಿ ಭೂಗತ ಹೋರಾಟಗಾರರು ಚಾವಡಿಗಳಿಗೆ ನುಗ್ಗಿ ಕಂದಾಯದ ದಫ್ತರಗಳಿಗೆ ಬೆಂಕಿ ಇಡುತ್ತಿದ್ದರು. ಆ ಲೆಕ್ಕ ಪರಕೀಯ ಸರ್ಕಾರದ ವಸೂಲಿಯ ಆಯುಧವಾಗಿತ್ತು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವ ತನ್ನ ಇಬ್ಬರು ಸಂಗಡಿಗರೊಂದಿಗೆ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ್ದು 1943ರ ಏಪ್ರಿಲ್ 1ರಂದು, ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ. ಸ್ವಾತಂತ್ರ್ಯ ಬಂದ ಮೇಲೆ ಅದೇ ದಫ್ತರ ರೈತನ ಹಕ್ಕಿನ ಪತ್ರವಾಯಿತು. ಇಂದು ಅದು ಸುಟ್ಟರೆ ನಷ್ಟ ರೈತನದು.

2024ರಲ್ಲಿ ಕಂದಾಯ ಇಲಾಖೆ ‘ಭೂ ಸುರಕ್ಷಾ’ ಎಂಬ ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುವ ಕೆಲಸ ಕೈಗೆತ್ತಿಕೊಂಡಿತು. ಬಹಳ ಹಿಂದೆಯೇ ಆಗಬೇಕಿದ್ದ ಒಳ್ಳೆಯ ಕೆಲಸ. ಸ್ಕ್ಯಾನ್ ಆದ ದಿನವೇ ಕೆಲಸ ಮುಗಿಯಿತೆಂದು ಯಾರೂ ತಿಳಿಯಬಾರದು ಎಂಬುದಷ್ಟೇ ನನ್ನ ಕಳಕಳಿ. ಅಂದು ಹೊಸದೊಂದು ಹೊಣೆ ಶುರುವಾಗುತ್ತದೆ.

ತಲೆಯ ಮೇಲೆ ಹೊತ್ತ ಪುಸ್ತಕ

ವರದಾ ನದಿ ತುಂಗಭದ್ರೆಯನ್ನು ಕೂಡುವಲ್ಲಿ ಗಳಗನಾಥ ಎಂಬ ಊರಿದೆ, ಹಾವೇರಿ ತಾಲ್ಲೂಕಿನದು. 1869ರಲ್ಲಿ ಅಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿ ಊರಿನ ಹೆಸರಿನಿಂದಲೇ ಗಳಗನಾಥರೆಂದು ಪ್ರಸಿದ್ಧರಾದರು. ‘ಪ್ರಬುದ್ಧ ಪದ್ಮನಯನೆ’ಯಿಂದ ಶುರುಮಾಡಿ ಕನ್ನಡಿಗರಿಗೆ ಕಾದಂಬರಿ ಓದುವ ರುಚಿ ಹತ್ತಿಸಿದವರು. 1907ರಲ್ಲಿ ಹಾವೇರಿ ಹತ್ತಿರದ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ಬೆಳೆಸಿದವರೂ ಅವರೇ. ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರಿಂದ ಊರಿಗೆ ನಡೆದು ಮಾರುತ್ತಿದ್ದರು. ಹೊಟ್ಟೆಪಾಡಿಗೂ ನುಡಿಸೇವೆಗೂ ಮಾಡಿದ ಆ ನಡಿಗೆಯಿಂದ ಇನ್ನೊಂದು ಉಪಕಾರವಾಯಿತು. ಅವರ ಪ್ರತಿಗಳು ನೂರಾರು ಮನೆಗಳಲ್ಲಿ ಚೆದುರಿದವು. ಒಂದು ಮನೆಯಲ್ಲಿ ಗೆದ್ದಲು ತಿಂದರೂ ಇನ್ನೊಂದರಲ್ಲಿ ಉಳಿಯಿತು.

ಇದು ನಮ್ಮ ನಾಡಿಗೆ ಹೊಸದಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ, ನಮ್ಮ ನೆರೆಯ ಲಕ್ಕುಂಡಿಯ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಓಲೆ ಪ್ರತಿಗಳನ್ನು ಬರೆಸಿ ಹಂಚಿದಳು. 1999ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದವರು ಡಿಜಿಟಲ್ ಪತ್ರಿಕೆಗಳನ್ನು ಕಾಪಾಡಲು ಒಂದು ವ್ಯವಸ್ಥೆ ಮಾಡಿದರು. ಪ್ರತಿಗಳು ಬಹಳ ಇದ್ದರೆ ಸರಕು ಸುರಕ್ಷಿತ ಎಂಬ ಮಾತೇ ಆ ವ್ಯವಸ್ಥೆಯ ಹೆಸರು. ಸಾವಿರ ವರ್ಷದ ಹಿಂದೆ ಅತ್ತಿಮಬ್ಬೆ ಮಾಡಿ ತೋರಿಸಿದ್ದೇ ಅದು.

ಹೊಸ ಕಾಲದಲ್ಲಿ ಈ ಪಾಠವನ್ನು ನಾವು ಮರೆತಿದ್ದಕ್ಕೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕತೆಯೇ ಸಾಕ್ಷಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿ ಅವರ ಹತ್ತು ಲಕ್ಷ ಪುಸ್ತಕಗಳ ಕನಸಿನಿಂದ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಕೇಂದ್ರವಾಗಿಸಿಕೊಂಡು, ಈ ಶತಮಾನದ ಮೊದಲ ದಶಕದಲ್ಲಿ ನಡೆದ ದೊಡ್ಡ ಸ್ಕ್ಯಾನಿಂಗ್ ಕೆಲಸ ಅದು. ಹಳೆಯ ಕನ್ನಡ ಪುಸ್ತಕಗಳು ಸಾವಿರಗಟ್ಟಲೆ ಮನೆಯ ಗಣಕದಲ್ಲಿ ಕಾಣುವಂತಾದಾಗ ನಮಗೆಲ್ಲ ನಿಧಿ ಸಿಕ್ಕಂತಾಗಿತ್ತು. 2017ರ ಹೊತ್ತಿಗೆ ಆ ತಾಣ ಮುಚ್ಚಿತು. ಅಷ್ಟರೊಳಗೆ ಅಮೆರಿಕದ ಕಾರ್ಲ್ ಮಲಮೂದ್ ಮತ್ತು ಅವರ ಸಂಗಡಿಗರು ಆ ಪುಸ್ತಕಗಳ ಪ್ರತಿ ಮಾಡಿ ಇಂಟರ್‌ನೆಟ್ ಆರ್ಕೈವ್‌ಗೆ ಏರಿಸಿದ್ದರಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕಗಳು ಇಂದಿಗೂ ಓದಲು ಸಿಗುತ್ತಿವೆ. ನಮ್ಮ ಅಜ್ಜಂದಿರ ಪುಸ್ತಕ ನಮಗೆ ಉಳಿದದ್ದು ಬೇರೆಯವರೊಬ್ಬರು ಇನ್ನೊಂದು ಪ್ರತಿ ಇಟ್ಟುಕೊಂಡದ್ದರಿಂದ.

ಉಳಿದ ಪುಸ್ತಕವೂ ಹುಡುಕಿದರೆ ಸಿಗಬೇಕಲ್ಲ. ಸ್ಕ್ಯಾನ್ ಮಾಡುವಾಗ ಕನ್ನಡದ ಹೆಸರುಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಯಾರಿಗೆ ತೋಚಿದಂತೆ ಅವರು ಹಾಕಿದ್ದಾರೆ. ನಮ್ಮ ಸೀಮೆಯ ಮಟ್ಟಿಗೆ ಇದರ ಜೊತೆ ಇನ್ನೊಂದು ತೊಡಕಿದೆ. 1884ರಲ್ಲಿ ಬಂದ ಮುಂಬಯಿ ಗೆಝೆಟಿಯರಿನ ಧಾರವಾಡ ಸಂಪುಟದಲ್ಲಿ ಹಾವೇರಿ ತಾಲ್ಲೂಕೇ ಇಲ್ಲ. ಅದು ಕರಜಗಿ ತಾಲ್ಲೂಕು. ಚೌಡಯ್ಯದಾನಪುರದ ಗುಡಿಯ ಮೇಲೆ ವಸುಂಧರಾ ಫಿಲಿಯೋಜಾ ಅವರ ಪುಸ್ತಕ ಬಂದದ್ದು 1995ರಲ್ಲಿ; ಆಗ ಆ ಊರು ಧಾರವಾಡ ಜಿಲ್ಲೆಯದು. ಮುಂಬಯಿ, ಮೈಸೂರು, ಕರ್ನಾಟಕ ಎಂದು ರಾಜ್ಯದ ಹೆಸರು ಬದಲಾಯಿತು, ಜಿಲ್ಲೆ ಬದಲಾಯಿತು. ಇವತ್ತಿನ ವಿದ್ಯಾರ್ಥಿ ‘ಹಾವೇರಿ’ ಎಂದು ಹುಡುಕಿದರೆ ಅವನ ಊರಿನ ಚರಿತ್ರೆಯ ಬಹುಪಾಲು ಕಣ್ಣಿಗೆ ಬೀಳುವುದೇ ಇಲ್ಲ. ಅಡತಿ ಅಂಗಡಿಯಲ್ಲಿ ಚೀಟಿ ಕಳೆದುಕೊಂಡ ಚೀಲದಂತೆ ಅದು ಇದ್ದೂ ಇಲ್ಲದಂತಾಗುತ್ತದೆ. ಪ್ರತಿ ಮಾಡುವಷ್ಟೇ ಮುಖ್ಯವಾದ ಕೆಲಸ ಸರಿಯಾದ ಚೀಟಿ ಅಂಟಿಸುವುದು: ಊರಿನ ಹಳೆಯ ಹೆಸರು, ಹೊಸ ಹೆಸರು, ಬರೆದವರು, ವರ್ಷ, ಎಲ್ಲಿಂದ ಬಂತು, ಯಾರು ಸ್ಕ್ಯಾನ್ ಮಾಡಿದರು.

ಧ್ವನಿಗೆ ಇರುವ ಗಡುವು ಇನ್ನೂ ಕಠಿಣ. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿ ನಮ್ಮ ಹಳ್ಳಿಗಳ ಎಷ್ಟೋ ಹಾಡುಗಾರರನ್ನು ಟೇಪಿಗೆ ಹಿಡಿಯಿತು. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಬಂದಿದೆ. ಮನೆಮನೆಗಳಲ್ಲಿ ಸೋಬಾನೆಯ, ಡೊಳ್ಳಿನ ಹಾಡಿನ, ಶರೀಫರ ತತ್ವಪದಗಳ ಕ್ಯಾಸೆಟ್ಟುಗಳು ಬಿದ್ದಿವೆ. ಕ್ಯಾಸೆಟ್ಟಿನ ಪಟ್ಟಿಯ ಮೇಲಿನ ಲೇಪ ಉದುರುತ್ತದೆ. ಅದಕ್ಕಿಂತ ಮೊದಲು ಅದನ್ನು ಓಡಿಸುವ ಯಂತ್ರಗಳೇ ಇಲ್ಲವಾಗುತ್ತವೆ. 2019ರಲ್ಲಿ ಯುನೆಸ್ಕೊ ಜಗತ್ತಿಗೆಲ್ಲ ಎಚ್ಚರಿಕೆ ಕೊಟ್ಟು, ಟೇಪುಗಳನ್ನು ಡಿಜಿಟಲ್ ಮಾಡಲು 2025ನ್ನು ಗಡುವಾಗಿ ಹೇಳಿತ್ತು. ಆ ವರ್ಷ ಬಂದು ಹೋಯಿತು.

ಕೋಲ್ಡ್ ಸ್ಟೋರೇಜ್ ಮತ್ತು ಬೀಜದ ಮಡಿಕೆ

ಡಿಜಿಟಲ್ ಎಂದರೆ ಶಾಶ್ವತ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇಂಗ್ಲೆಂಡಿನವರಿಗೂ ಹಾಗೇ ಇತ್ತು. 1086ರಲ್ಲಿ ಅವರ ರಾಜ ದೇಶದ ಹೊಲ ಮನೆಗಳ ಲೆಕ್ಕ ಬರೆಸಿದ್ದ. ಆ ಚರ್ಮದ ಹಾಳೆಯ ಪುಸ್ತಕದ ಹೆಸರು ಡೂಮ್ಸ್‌ಡೇ ಬುಕ್. ಅದರ ಒಂಬೈನೂರನೆಯ ವರ್ಷದ ನೆನಪಿಗೆ 1986ರಲ್ಲಿ ಬಿಬಿಸಿ ಶಾಲೆಯ ಮಕ್ಕಳಿಂದ ಹೊಸ ಲೆಕ್ಕ ಬರೆಸಿ ಲೇಸರ್ ಡಿಸ್ಕಿನಲ್ಲಿ ಇಟ್ಟಿತು. ಹದಿನೈದು ವರ್ಷ ಕಳೆಯುವುದರೊಳಗೆ ಆ ಡಿಸ್ಕನ್ನು ಓದುವ ಯಂತ್ರಗಳು ಕಾಣೆಯಾಗಿ, ಅದರಲ್ಲಿದ್ದುದನ್ನು ಹೊರತೆಗೆಯಲು ತಜ್ಞರು ಹೆಣಗಬೇಕಾಯಿತು. ಒಂಬೈನೂರು ವರ್ಷದ ಹಳೆಯ ಪುಸ್ತಕವನ್ನು ಮಾತ್ರ ಇವತ್ತಿಗೂ ಕಣ್ಣಿಂದಲೇ ಓದಬಹುದು.

ಬ್ಯಾಡಗಿಯವರಿಗೆ ಇದನ್ನು ವಿವರಿಸಿ ಹೇಳಬೇಕಾದ್ದಿಲ್ಲ. ಊರ ಸುತ್ತಲಿನ ಕೋಲ್ಡ್ ಸ್ಟೋರೇಜುಗಳಲ್ಲಿ ಮೆಣಸಿನಕಾಯಿ ಚೀಲಗಳನ್ನು ಇಡುವುದು ಬಣ್ಣ ಕೆಡದಿರಲಿ ಎಂದು. ಚೀಲ ಒಳಗಿಟ್ಟರೆ ಮುಗಿಯಲಿಲ್ಲ. ಯಂತ್ರ ಹಗಲು ರಾತ್ರಿ ಓಡಬೇಕು, ಕರೆಂಟಿನ ಬಿಲ್ಲು ಕಟ್ಟಬೇಕು, ಚೀಲಕ್ಕೆ ಗುರುತಿರಬೇಕು, ಇಡುವಾಗ ತೂಗಿದ ತೂಕ ತೆಗೆಯುವಾಗ ತಾಳೆಯಾಗಬೇಕು. ಡಿಜಿಟಲ್ ಸಂಗ್ರಹಕ್ಕೂ ಇವೇ ನಿಯಮ. ಸರ್ವರ್ ಓಡುತ್ತಿರಬೇಕು, ಅದಕ್ಕೆ ವರ್ಷ ವರ್ಷ ಹಣ ಬೇಕು. ಕಡತ ಇಡುವಾಗ ಲೆಕ್ಕ ಹಾಕಿದ ಒಂದು ಅಂಕಿಯನ್ನು ಆಗಾಗ ಮತ್ತೆ ಲೆಕ್ಕ ಹಾಕಿ ನೋಡುತ್ತಾರೆ. ಒಂದು ಅಕ್ಷರ ಕೆಟ್ಟಿದ್ದರೂ ತಾಳೆಯಾಗುವುದಿಲ್ಲ. ಅದು ನಮ್ಮ ತೂಕದ ಚೀಟಿಯೇ.

ಅದೇ ಬ್ಯಾಡಗಿಯಲ್ಲಿ 2024ರ ಮಾರ್ಚ್ 11ರಂದು ದರ ಕುಸಿದು ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದ್ದು, ವಾಹನಗಳಿಗೆ ಬೆಂಕಿ ಬಿದ್ದದ್ದು ಎಲ್ಲರ ನೆನಪಿನಲ್ಲಿದೆ. ಅವರ ಸಂಕಟ ಏನೆಂದು ಈ ಸೀಮೆಯವರಿಗೆಲ್ಲ ಗೊತ್ತು. ನಾನು ಹೇಳುವುದು ಇಷ್ಟೇ: ಒಂದು ಕಟ್ಟಡ ಎಷ್ಟೇ ಗಟ್ಟಿಯಿದ್ದರೂ ಒಂದು ಮಧ್ಯಾಹ್ನಕ್ಕೆ ಬೂದಿಯಾಗಬಹುದು. ಊರಿನ ದಾಖಲೆ ಒಂದೇ ಕಟ್ಟಡದಲ್ಲಿ, ಒಂದೇ ಗಣಕದಲ್ಲಿ ಇರಬಾರದು.

ರಾಣೇಬೆನ್ನೂರು ಬೀಜದ ಊರು. ಇಲ್ಲಿನ ರೈತರು ಬೀಜೋತ್ಪಾದನೆಯಲ್ಲಿ ಪಳಗಿದವರು. ನಮ್ಮವ್ವ ಮನೆಯ ಬಳಕೆಯ ಅವರೆ, ಹೀರೆ, ಸವತೆಯ ಬೀಜಗಳಿಗೆ ಬೂದಿ ಸವರಿ ಮಡಿಕೆಯಲ್ಲಿಟ್ಟು ಬಾಯಿಗೆ ಅರಿವೆ ಕಟ್ಟುತ್ತಿದ್ದಳು. ಬಿತ್ತುವ ಮನಸ್ಸಿಲ್ಲದ ವರ್ಷವೂ ನಾಲ್ಕು ಕಾಳು ಹಿತ್ತಲಲ್ಲಿ ಊರುತ್ತಿದ್ದಳು. ಯಾಕೆಂದು ಕೇಳಿದರೆ, “ಮಣ್ಣು ಕಾಣದ ಬೀಜ ಮಡಿಕ್ಯಾಗ ಸಾಯ್ತಾವ” ಎನ್ನುತ್ತಿದ್ದಳು. ಡಿಜಿಟಲ್ ಸಂರಕ್ಷಣೆಯ ಕುರಿತು ಆಮೇಲೆ ಓದಿದ್ದೆಲ್ಲ ನನಗೆ ಅವ್ವನ ಈ ಮಾತಿನ ವಿವರಣೆಯಂತೆ ಕಂಡಿತು. ಹಾರ್ಡ್ ಡಿಸ್ಕಿನ ಆಯುಷ್ಯ ಐದಾರು ವರ್ಷ. ತಂತ್ರಾಂಶದ ಆಯುಷ್ಯ ಅದಕ್ಕಿಂತ ಹೆಚ್ಚೇನಲ್ಲ. ಹಳತು ಸಾಯುವ ಮೊದಲು ಹೊಸ ಡಿಸ್ಕಿಗೆ, ಹೊಸ ರೂಪಕ್ಕೆ ದಾಟಿಸಬೇಕು. ದಾಟಿಸಿದ್ದು ಸರಿಯಾಗಿ ತೆರೆಯುತ್ತದೆಯೇ ಎಂದು ನೋಡಬೇಕು. ಓಲೆಗರಿಯ ಕಾಲದಲ್ಲಿ ತಲೆಮಾರಿಗೊಮ್ಮೆ ಮಾಡುತ್ತಿದ್ದ ಕೆಲಸವನ್ನು ನಾವು ಐದಾರು ವರ್ಷಕ್ಕೊಮ್ಮೆ ಮಾಡಬೇಕಾಗಿ ಬಂದಿದೆ.

ಈ ಕೆಲಸಕ್ಕೆ ವಿದ್ಯೆ ನಮ್ಮ ದೇಶದಲ್ಲೇ ಇದೆ. ಪುಣೆಯ ಸಿ-ಡ್ಯಾಕ್‌ನಲ್ಲಿ ಡಿಜಿಟಲ್ ಸಂರಕ್ಷಣೆಗೆಂದೇ ಒಂದು ಕೇಂದ್ರ ನಡೆದಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಆ ಭಾಗದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. ಉಡುಪಿಯ ಪಲಿಮಾರು ಮಠದಲ್ಲಿದ್ದ ಸರ್ವಮೂಲ ಗ್ರಂಥದ ಓಲೆಗಳ ಚಿತ್ರ ತೆಗೆದು, ಬೆಂಕಿ ನೀರಿಗೆ ಜಗ್ಗದ ಸಿಲಿಕಾನ್ ಬಿಲ್ಲೆಗಳ ಮೇಲೆ ಕೊರೆಸಿದವರು ಕನ್ನಡ ನಾಡಿನವರೇ ಆದ, ಅಮೆರಿಕದ ರಾಚೆಸ್ಟರಿನಲ್ಲಿ ಪಾಠ ಹೇಳುತ್ತಿದ್ದ ಪಿ. ಆರ್. ಮುಕುಂದ್. ಅದನ್ನು ಓದಲು ಗಣಕ ಬೇಡ, ದೊಡ್ಡದಾಗಿ ಕಾಣಿಸುವ ಮಸೂರ ಇದ್ದರೆ ಸಾಕು. ಮತ್ತೆ ಕಲ್ಲಿಗೇ ಹೋದಂತಾಯಿತು.

ಎಲ್ಲವನ್ನೂ ಸಿಲಿಕಾನಿನ ಮೇಲೆ ಕೊರೆಸುವುದು ನಮ್ಮಿಂದಾಗದು. ನಮ್ಮಿಂದ ಆಗುವುದು ಕಾಯುವ ಕೆಲಸ. 2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಲ್ಲಿ ಆಡಿದ ಮಾತು, ಹಾಡಿದ ಹಾಡು, ತೆಗೆದ ಚಿತ್ರಗಳೆಲ್ಲ ಫೋನುಗಳಲ್ಲಿ, ಪೆನ್‌ಡ್ರೈವುಗಳಲ್ಲಿ ಚೆದುರಿವೆ. ನಮ್ಮ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಅನೇಕ ಕಡೆ ಗಣಕಗಳು ಬಂದಿವೆ. ಪ್ರತಿ ಅರಿವು ಕೇಂದ್ರವೂ ತನ್ನ ಊರಿನ ಸ್ಮರಣ ಸಂಚಿಕೆ, ಜಾತ್ರೆಯ ಕರಪತ್ರ, ಹಾಡಿನ ಧ್ವನಿಮುದ್ರಣ, ಶಾಲೆಯ ಹಳೆಯ ಫೋಟೊಗಳನ್ನು ಯುನಿಕೋಡಿನಲ್ಲಿ, ಸರಿಯಾದ ಚೀಟಿಯೊಂದಿಗೆ ಸಂಗ್ರಹಿಸಲಿ. ಒಂದು ಪ್ರತಿ ಊರಿನಲ್ಲಿ, ಒಂದು ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ, ಒಂದು ಜಿಲ್ಲೆಯ ಆಚೆ ಇರಲಿ. ಅವನ್ನು ವರ್ಷಕ್ಕೊಮ್ಮೆ ತೆರೆದು ನೋಡುವ ಹೊಣೆಯನ್ನು ಒಬ್ಬರ ಹೆಸರಿಗೆ ಬರೆದಿಡಬೇಕು. ಶಾಸನದ ಕೊನೆಯ ಸಾಲುಗಳು ಮಾಡುತ್ತಿದ್ದುದು ಅದನ್ನೇ.

ಓದುಗರಲ್ಲಿ ನನ್ನ ಕೋರಿಕೆ ಇನ್ನೂ ಚಿಕ್ಕದು. ಮನೆಯ ಕಪಾಟಿನಲ್ಲಿ, ಡಿಟಿಪಿ ಅಂಗಡಿಯ ಮೂಲೆಯಲ್ಲಿ ಹಳೆಯ ಫ್ಲಾಪಿ, ಸಿ.ಡಿ., ಕ್ಯಾಸೆಟ್ ಇದ್ದರೆ ಈ ವಾರ ಹೊರತೆಗೆಯಿರಿ. ತೆರೆದರೆ ಇನ್ನೆರಡು ಪ್ರತಿ ಮಾಡಿ ಬೇರೆ ಬೇರೆ ಮನೆಗಳಲ್ಲಿಡಿ. ತೆರೆಯದಿದ್ದರೆ ಎಸೆಯಬೇಡಿ. ಏನಿದೆ, ಯಾವ ಊರಿನದು, ಯಾವ ವರ್ಷದ್ದು, ಯಾವ ಫಾಂಟಿನಲ್ಲಿ ಮಾಡಿದ್ದು ಎಂದು ಒಂದು ಕಾಗದದಲ್ಲಿ ಬರೆದು ಅದರೊಂದಿಗೆ ಕಟ್ಟಿಡಿ. ಓದಬಲ್ಲವರು ಸಿಕ್ಕೇ ಸಿಗುತ್ತಾರೆ.